ಪೋಲು ಕಾಲಮ್ಮಿನ ಹುಡುಗಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪೆಟ್ಟಿಗೆಯವಳು ಅಂತಲೇ ಕರೆಯುತ್ತಿದ್ದರು. ಲಸಿಕೆಯ ಪೆಟ್ಟಿಗೆ ಹನ್ನೊಂದು ವರ್ಷದಿಂದ ಅವಳ ಎಡ ಹೆಗಲ ಮೇಲೇ ಇತ್ತು. ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ. ಒಳಗೆ ನಾಲ್ಕೂ ಮಗ್ಗುಲಿಗೆ ಐಸು, ನಡುವೆ ಮದ್ದಿನ ಸೀಸೆಗಳು. ಪಟ್ಟಿ ಒತ್ತಿ ಒತ್ತಿ ಹೆಗಲಲ್ಲಿ ಎರಡು ಬೆರಳಗಲದ ಜಡ್ಡು ಬಿದ್ದಿತ್ತು. ಪೆಟ್ಟಿಗೆಗೆ ಐದು ವರ್ಷ ಗ್ಯಾರಂಟಿ ಅಂತ ಮುಚ್ಚಳದ ಮೇಲೆ ಬರೆದಿತ್ತು. ಹೆಗಲಿಗೆ ಅಂಥದ್ದೇನೂ ಬರೆದಿರಲಿಲ್ಲ.

ಜೀಪಿತ್ತು. ಇಲ್ಲ ಅಂತಲ್ಲ. ಮುಂದೆ ಡಾಕ್ಟರು ಕೂರುತ್ತಿದ್ದರು. ಹಿಂದೆ ಗುಮಾಸ್ತ, ನರ್ಸು, ‘ಪ್ರತಿ ಮಗುವೂ ನಮ್ಮದೇ’ ಅಂತ ಬರೆದ ಬ್ಯಾನರು, ಡಾಕ್ಟರ ಊಟದ ಕ್ಯಾರಿಯರು. ಊಟಕ್ಕೂ ಸೀಟಿತ್ತು. ಪೆಟ್ಟಿಗೆಯಿಂದ ನೀರು ಜಿನುಗಿ ಸೀಟು ಒದ್ದೆಯಾಗುತ್ತದೆ ಅಂತ ಪೆಟ್ಟಿಗೆ ಮಾತ್ರ ನಡೆದುಕೊಂಡೇ ಬರಬೇಕಿತ್ತು. ಪೆಟ್ಟಿಗೆಗೆ ಕಾಲಿಲ್ಲವಲ್ಲ, ಅದಕ್ಕೆ ಇವಳ ಕಾಲು.

ಆವತ್ತು ಬೆಳಿಗ್ಗೆ ಐಸು ತುಂಬುವ ಮೊದಲೇ ಅವಳು ಗುಮಾಸ್ತನ ಮೇಜಿನ ಮುಂದೆ ನಿಂತಿದ್ದಳು. ಕೈ ಹಿಡಿದುಕೊಂಡು ಆರು ವರ್ಷದ ಮಗಳು. ಮಗಳ ಬೆನ್ನಿಗೊಂದು ಚೀಲ. ಹರಿದ ಬ್ಯಾನರಿನ ಬಟ್ಟೆಯಲ್ಲಿ ಅಮ್ಮನೇ ಹೊಲಿದದ್ದು. ಬೆನ್ನ ಮೇಲೆ ‘ನಮ್ಮದೇ’ ಅನ್ನುವಷ್ಟು ಅಕ್ಷರ ಉಳಿದಿತ್ತು. ಚೀಲದೊಳಗೆ ಇನ್ನೂ ಏನೂ ಇರಲಿಲ್ಲ.

“ಸಾರ್, ಮಗಳ ಲಸಿಕೆ ಕಾರ್ಡು ಬೇಕಿತ್ತು. ಸ್ಕೂಲಿಗೆ ಸೇರಿಸೋಕೆ ಇವತ್ತೇ ಕಡೇ ದಿನ. ಕಾರ್ಡಿಲ್ದಿದ್ರೆ ಸೇರಿಸ್ಕೊಳ್ಳಲ್ವಂತೆ.”

ಗುಮಾಸ್ತ ತಲೆ ಎತ್ತದೆ ಕೇಳಿದ. “ಮನೆ ನಂಬರು?”

“ನಂಬರಿಲ್ಲ ಸಾರ್.”

“ನಂಬರಿಲ್ಲ ಅಂದ್ರೆ ಮನೆ ಇಲ್ಲ.”

“ಇದೆಯಲ್ಲ ಸಾರ್. ನೀವು ತಿರುಗಿ ಕಿಟಕಿಯಲ್ಲಿ ನೋಡಿದ್ರೆ ಕಾಣತ್ತೆ. ಕಾಂಪೌಂಡಿಗೆ ಒರಗಿರೋ ತಗಡಿನ ಶೆಡ್ಡು. ಹೋದ ವಾರ ನಮ್ಮ ಒಲೆ ಹೊಗೆ ಒಳಗೆ ಬರತ್ತೆ ಅಂತ ನೀವೇ ಬೈದಿದ್ರಿ.”

ಗುಮಾಸ್ತ ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಮನೆ ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲ. “ಕಾಣೋದು ಬೇರೆ, ದಾಖಲೇಲಿ ಇರೋದು ಬೇರೆ ಕಣಮ್ಮ. ಹೊಗೆಗೆ ನಂಬರು ಬೇಕಿಲ್ಲ, ಮಗೂಗೆ ಬೇಕು,” ಅಂದ. ಆಮೇಲೆ ದೊಡ್ಡ ಉಪಕಾರ ಮಾಡುವವನ ಹಾಗೆ ಆರು ವರ್ಷದ ದಪ್ಪ ರಿಜಿಸ್ಟರು ಎಳೆದುಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ಮಗುಚಿದ. “ಇಲ್ಲ. ನಿನ್ನ ಮಗಳ ಹೆಸರು ಎಲ್ಲೂ ಇಲ್ಲ. ಇವಳಿಗೆ ಒಂದು ಇಂಜೆಕ್ಷನ್ನೂ ಬಿದ್ದಿಲ್ಲ.”

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಯಾಕೆ ಅಂತ ಹೇಳಬೇಕು. ಆ ಊರಲ್ಲಿ ಚುಚ್ಚುಮದ್ದು ಅಂದರೆ ಜನಕ್ಕೆ ಜೀವ ಹೋದಷ್ಟು ಭಯವಿತ್ತು. ಜೀಪು ಬೀದಿಗೆ ತಿರುಗುತ್ತಿದ್ದ ಹಾಗೇ ಬಾಗಿಲುಗಳು ಪಟಪಟ ಮುಚ್ಚಿಕೊಳ್ಳುತ್ತಿದ್ದವು. ಡಾಕ್ಟರ ಭಾಷಣ ಕೇಳಿ ಒಂದು ಬಾಗಿಲೂ ತೆರೆದದ್ದಿಲ್ಲ. ಆಗ ನರ್ಸಮ್ಮನಿಗೆ ಒಂದು ಉಪಾಯ ಹೊಳೆದಿತ್ತು. ಪೆಟ್ಟಿಗೆಯವಳ ಕಂಕುಳಲ್ಲಿ ಎರಡು ತಿಂಗಳ ಕೂಸಿತ್ತಲ್ಲ, ಅದನ್ನೇ ಬೀದಿ ಮಧ್ಯೆ ಕುರ್ಚಿ ಹಾಕಿ ಕೂರಿಸಿಕೊಳ್ಳುವುದು. “ನೋಡ್ರಮ್ಮಾ, ಮದ್ದು ಹೊರೋಳು ತನ್ನ ಮಗೂಗೇ ಮೊದಲು ಹಾಕಿಸ್ತಾ ಇದಾಳೆ. ವಿಷ ಆಗಿದ್ರೆ ಹಾಕಿಸ್ತಿದ್ಲಾ?” ಒಂದು ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಅಲ್ಲಿಂದ ಶುರುವಾಯಿತು. ಮಗುವಿಗೆ ಯಾವಾಗ ಯಾವ ಇಂಜೆಕ್ಷನ್ನು ಬೇಕೋ ಅದನ್ನು ಯಾವುದಾದರೂ ಹೆದರುವ ಬೀದಿಯ ನಡುವೆಯೇ ಹಾಕಿದರು. ನಡುವೆ ಬರೀ ಬಾಯಿಗೆ ಹನಿ ಹಾಕುವ ದಿನಗಳೂ ಇದ್ದವು. ಆಗಲೂ ಬಾಯಿ ಮೊದಲು ತೆರೆದದ್ದು ಇದೇ ಮಗು.

ಮಾತು ಬಂದ ಮೇಲೆ ನರ್ಸಮ್ಮ ಅದಕ್ಕೊಂದು ಪಾಠ ಕಲಿಸಿದಳು. ಅಳಬಾರದು. ಸೂಜಿ ಇಳಿಯುವಾಗ ಜನರ ಕಡೆ ನೋಡಿ ನಗಬೇಕು. ನಕ್ಕು, “ಏನೂ ನೋವಾಗಲ್ಲ, ಬನ್ನಿ” ಅನ್ನಬೇಕು. ಮಗು ಅಂದಿತು. ಅಂದು ಅಂದು ಅದಕ್ಕೆ ಗಟ್ಟಿಗಿತ್ತಿ ಅಂತ ಅಡ್ಡಹೆಸರು ಬಿತ್ತು. ಮನೆಗೆ ಬಂದು ಜ್ವರದಲ್ಲಿ ಕೈ ಊದಿಸಿಕೊಂಡು ಮಲಗಿದಾಗ ಅಳು ಕೇಳಿಸಿಕೊಂಡದ್ದು ತಗಡು ಮತ್ತು ತಾಯಿ. ಅವಳು ಒದ್ದೆ ಬಟ್ಟೆ ಹಿಂಡಿ ಮಗುವಿನ ಹಣೆ ಮೇಲೆ ಇಡುತ್ತಲೇ ಇರುತ್ತಿದ್ದಳು. ಬೆಳಿಗ್ಗೆ ಎದ್ದು ಮತ್ತೆ ಪೆಟ್ಟಿಗೆ.

ಅಂಥ ಮಗುವಿಗೆ ಒಂದು ಇಂಜೆಕ್ಷನ್ನೂ ಬಿದ್ದಿಲ್ಲವಂತೆ!

“ಸಿಸ್ಟರಮ್ಮ, ನೀವೇ ಹೇಳಿ,” ಅಂದಳು, ಅಷ್ಟರಲ್ಲಿ ಬಂದ ನರ್ಸಿಗೆ.

ನರ್ಸಿನ ಮುಖ ಸಪ್ಪಗಾಯಿತು. ಹಿಂದೆಯೇ ಡಾಕ್ಟರು ಬಂದರು. ಗುಮಾಸ್ತ ಎದ್ದು ನಿಂತು ವಿಷಯ ಒಪ್ಪಿಸಿದ. ಡಾಕ್ಟರು ನರ್ಸಿನ ಕಡೆ ತಿರುಗಿದರು. “ಹಾಕಿದ್ದೀರೋ ಇಲ್ವೋ?”

“ಹಾಕಿದೀನಿ ಸಾರ್. ಆರು ಸಲ. ಆದ್ರೆ ಮನೆ ನಂಬರಿಲ್ದೆ ಮಕ್ಕಳ ಕಾಲಮ್ಮಲ್ಲಿ ಬರೆಯೋ ಹಾಗಿರ್ಲಿಲ್ಲ. ಸೀಸೆ ಲೆಕ್ಕ ಸರಿ ಹೋಗ್ಬೇಕಲ್ಲ. ಅದಕ್ಕೆ...” ಅವಳ ಬೆರಳು ಹಾಳೆಯ ತುದಿಯ ಕೊನೇ ಕಾಲಮ್ಮಿಗೆ ಹೋಯಿತು. “ಇಲ್ಲಿ ಬರೆದೆ.”

ಒಂದು ಸೀಸೆ ತೆರೆದರೆ ಹತ್ತು ಮಕ್ಕಳಿಗೆ ಮದ್ದು. ಸಂಜೆ ಉಳಿದದ್ದನ್ನು ಚೆಲ್ಲಬೇಕು, ಚೆಲ್ಲಿದ್ದನ್ನು ಬರೆಯಬೇಕು. ಆ ಕಾಲಮ್ಮಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಪೋಲು’ ಅಂತಿತ್ತು. ಆರು ದಿನದ ಪೋಲಿನಲ್ಲಿ ಒಂದೊಂದು ಡೋಸು ಆ ಮಗುವಿನದು.

ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು ಯೋಚಿಸಿದರು. ಬಹಳ ಓದಿದವರು. “ಪೋಲಾದ ಮದ್ದು ಮಗುವಿನ ಮೈಯೊಳಗೆ ಹೇಗೆ ಹೋಗತ್ತೆ? ಹೋಗಿದ್ರೆ ಅದು ಪೋಲಲ್ಲ. ಪೋಲು ಅಂತ ಬರೆದಿದೆ ಅಂದ್ಮೇಲೆ ಹೋಗಿಲ್ಲ. ಸರಿ ತಾನೇ?”

“ಸರಿ ಸಾರ್,” ಅಂದ ಗುಮಾಸ್ತ.

“ಈ ರಿಪೋರ್ಟು ವರ್ಷ ವರ್ಷ ಮೇಲೆ ಹೋಗಿದೆ. ಮೆಚ್ಚುಗೆ ಪತ್ರ ಬಂದಿದೆ. ಈಗ ಒಂದು ಮಗು ಜಾಸ್ತಿ ಸಿಕ್ಕಿತು ಅಂತ ಬರೆದ್ರೆ ಮೆಚ್ಚುಗೆ ವಾಪಸ್ ಮಾಡಬೇಕಾ?” ಅಂದವರು ಸ್ವಲ್ಪ ಮೆತ್ತಗಾದರು. “ಹೋಗ್ಲಿ, ಪಾಪ. ಮೊದಲಿನಿಂದ ಶುರು ಮಾಡೋಣ. ಇವತ್ತು ಆ ಸ್ಕೂಲಿಗೇ ಹೊರಟಿದೀವಿ. ಅಲ್ಲೇ ಮೊದಲನೇದು ಹಾಕೋಣ. ಎಲ್ಲರ ಮುಂದೆ ಕೂರಿಸು, ಬೇರೆ ಮಕ್ಕಳಿಗೂ ಧೈರ್ಯ ಬರತ್ತೆ. ಮಿಕ್ಕಿದ್ದು ತಿಂಗಳು ಬಿಟ್ಟು ತಿಂಗಳು. ಮುಂದಿನ ವರ್ಷ ಸೇರಿಸು.”

“ಹಾಕಿದ್ದನ್ನೇ ಮತ್ತೆ ಹಾಕ್ತೀರಾ ಸಾರ್?”

“ಆವಾಗ ಹಾಕಿದ್ದು ಜನಕ್ಕೆ. ಈಗ ಹಾಕೋದು ದಾಖಲೆಗೆ,” ಅಂದರು ಡಾಕ್ಟರು. ಹೇಳಿ ಜೀಪು ಹತ್ತಿದರು.

ರಿಜಿಸ್ಟರು ಭಾರ. ಗುಮಾಸ್ತ ಅದನ್ನು ಮಗುವಿನ ಖಾಲಿ ಚೀಲಕ್ಕೆ ತುರುಕಿದ. “ಹೆಂಗೂ ನಡ್ಕೊಂಡು ಬರ್ತೀರಲ್ಲ.” ಹುಡುಗಿಯ ಚೀಲಕ್ಕೆ ಬಿದ್ದ ಮೊದಲ ಪುಸ್ತಕ ಅದು.

ತಾಯಿ ಐಸು ತುಂಬಿ ಪೆಟ್ಟಿಗೆ ಹೆಗಲಿಗೇರಿಸಿದಳು. ಸ್ಕೂಲಿಗೆ ಮೂರು ಕಿಲೋಮೀಟರು. ಬಿಸಿಲು ಆಗಲೇ ಕಾದಿತ್ತು. ಪೆಟ್ಟಿಗೆಯ ನೀರು ಅವಳ ಬೆನ್ನಿನಲ್ಲಿ ಇಳಿಯುತ್ತಿತ್ತು, ಎದೆಯಲ್ಲಿ ಬೆವರು. ಸೊಂಟದ ಎಡಗಡೆ ಮೂಳೆಗೆ ಪೆಟ್ಟಿಗೆಯ ಮೂಲೆ ಪ್ರತಿ ಹೆಜ್ಜೆಗೂ ಕುಟ್ಟುತ್ತಿತ್ತು. ದಿನವೂ ಕುಟ್ಟುತ್ತಿತ್ತು. ಆವತ್ತು ಗೊತ್ತಾಯಿತು.

“ಅಮ್ಮಾ, ಪೋಲು ಅಂದ್ರೇನು?”

“ಬೇಡದ್ದನ್ನ ಚೆಲ್ಲೋದು.”

ಹುಡುಗಿ ನಾಲ್ಕು ಹೆಜ್ಜೆ ನಡೆದು ಕೇಳಿದಳು. “ನನ್ನನ್ನ ಚೆಲ್ಲಿದ್ರಾ?”

ತಾಯಿ ಪೆಟ್ಟಿಗೆಯ ಪಟ್ಟಿಯನ್ನು ಹೆಗಲ ಮೇಲೆ ಎಳೆದುಕೊಂಡಳು. ಹನ್ನೊಂದು ವರ್ಷ ಬೈಗುಳ ನುಂಗಿದ್ದಾಳೆ. ಬೀದಿಯವರು ಕಲ್ಲು ಹೊಡೆದಾಗ ಜೀಪು ಓಡಿತು, ಇವಳು ಪೆಟ್ಟಿಗೆಯನ್ನು ತಬ್ಬಿಕೊಂಡು ಏಟು ತಿಂದಳು. ಅದನ್ನೂ ನುಂಗಿದಳು. ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಶಾಲೆಗೆ ಎರಡು ಗೇಟಿದ್ದವು. ಕಾವಲಿನವನು ಪೆಟ್ಟಿಗೆ ನೋಡಿ ಪಕ್ಕದ ಗೇಟು ತೋರಿಸಿದ. “ಸಾಮಾನು ಆ ಕಡೆಯಿಂದ.” ಸಾಮಾನಿನ ಜೊತೆ ತಾಯಿ ಮಗಳೂ ಆ ಕಡೆಯಿಂದಲೇ ಬಂದರು. ಶಾಲೆಯ ದೊಡ್ಡ ಹಾಲಿನ ಬಾಗಿಲಲ್ಲಿ ಹೆಡ್ ಮೇಡಂ ಮೇಜು ಹಾಕಿಕೊಂಡು ಕೂತಿದ್ದರು.

“ಕಾರ್ಡು?”

“ಇವತ್ತು ಮಾಡಿಸ್ತೀನಿ ಮೇಡಂ.”

“ಕಾರ್ಡಿಲ್ಲದ ಮಗುವನ್ನ ಒಳಗೆ ಬಿಟ್ರೆ ಬೇರೆ ಮಕ್ಕಳಿಗೆ ರೋಗ ಬರತ್ತೆ. ನಮಗೂ ಜವಾಬ್ದಾರಿ ಇದೆ.” ಅಷ್ಟರಲ್ಲಿ ಹುಡುಗಿಯ ಮುಖ ನೋಡಿ ಅವರ ಕಣ್ಣು ಅರಳಿತು. “ಓ, ಇವಳೇನಾ ಆ ಗಟ್ಟಿಗಿತ್ತಿ? ಡಾಕ್ಟರು ಹೇಳಿದ್ರು. ಸರಿ ಸರಿ, ಚುಚ್ಚಿಸ್ಕೊಳ್ಳೋಕೆ ಒಳಗೆ ಬರಬಹುದು. ಓದೋಕಲ್ಲ. ಆದ ಮೇಲೆ ಹೊರಗೆ ಕೂರ್ಲಿ. ಗೋಡೆಗೆ ಒರಗೋದು ಬೇಡ, ಹೊಸ ಪೇಂಟು.”

ಹಾಲಿನಲ್ಲಿ ನಲವತ್ತು ಮಕ್ಕಳು, ನಲವತ್ತೂ ಅಳು. ಒಬ್ಬ ಕಂಬವನ್ನು ತಬ್ಬಿ ನಿಂತುಬಿಟ್ಟಿದ್ದ. ಅವನ ಅಪ್ಪ, ಇಸ್ತ್ರಿ ಅಂಗಿಯವರು, ಅವನ ಬೆರಳು ಒಂದೊಂದಾಗಿ ಬಿಡಿಸುತ್ತಿದ್ದರು. ಬಿಡಿಸಿದ ಬೆರಳು ಮತ್ತೆ ಅಂಟಿಕೊಳ್ಳುತ್ತಿತ್ತು. ಆ ತುದಿಯಲ್ಲಿ ನರ್ಸು ಮೇಜು ಜೋಡಿಸಿಕೊಂಡಿದ್ದಳು. ಮೇಲೆ ಬ್ಯಾನರು. ಡಾಕ್ಟರು ಚಪ್ಪಾಳೆ ತಟ್ಟಿದರು.

“ಎಲ್ಲಿ ನಮ್ಮ ಗಟ್ಟಿಗಿತ್ತಿ? ಪೆಟ್ಟಿಗೆ ತಗೊಂಡು ಬಾಮ್ಮ ಬೇಗ.”

ಮೇಜಿಗೆ ಇಪ್ಪತ್ತು ಹೆಜ್ಜೆ. ಅವಳು ಹಾಲಿನ ನಡುವೆ ನಿಂತಳು. ಪೆಟ್ಟಿಗೆ ಇಳಿಸಿದಳು. ಇಳಿಸಿ ಅದರ ಮುಚ್ಚಳದ ಮೇಲೆ ಕೂತಳು.

“ಸುಸ್ತಾಯ್ತಾ? ಆಮೇಲೆ ಕೂರುವಂತೆ, ಏಳು,” ಅಂದರು ಡಾಕ್ಟರು.

“ಏಳಲ್ಲ ಸಾರ್.”

“ಏನು?”

“ಏಳಲ್ಲ. ನನ್ನ ಮಗಳ ಆರು ಇಂಜೆಕ್ಷನ್ನು ಮಕ್ಕಳ ಕಾಲಮ್ಮಲ್ಲಿ ಬರೀರಿ. ಕಾರ್ಡು ಕೊಡಿ. ಆಮೇಲೆ ಏಳ್ತೀನಿ.”

ಡಾಕ್ಟರ ಮುಖ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಆ ಹೆಂಗಸಿನ ಬಾಯಲ್ಲಿ ‘ಸರಿ ಸಾರ್’ ಬಿಟ್ಟು ಬೇರೆ ಮಾತು ಅವರು ಕೇಳಿರಲಿಲ್ಲ. “ಐಸು ಕರಗತ್ತೆ! ಮಕ್ಕಳ ಜೀವದ ಜೊತೆ ಆಟ ಆಡ್ತೀಯಾ? ತೆಗಿ, ಮುಚ್ಚಳ ತೆಗಿ, ನೋಡ್ತೀನಿ.”

“ತೆಗೆಯೋಕೆ ಬಿಡಲ್ಲ. ತೆಗೆದು ತೆಗೆದು ನೋಡಿದ್ರೇ ಕೆಡೋದು. ಬೆಳಿಗ್ಗೆ ನಾನೇ ತುಂಬಿದೀನಿ. ಮುಚ್ಚಿದ ಹಾಗೇ ಇದ್ರೆ ಸಾಯಂಕಾಲದವರೆಗೂ ಅಲ್ಲಾಡಲ್ಲ. ಈ ಮಕ್ಕಳಿಗೆ ಏನೂ ಆಗಬಾರದು ಅಂತಲೇ ಇದರ ಮೇಲೆ ಕೂತಿರೋದು. ನೀವು ಬರೆಯೋಕೆ ಎಷ್ಟು ಹೊತ್ತು ತಗೊಳ್ತೀರೋ ತಗೊಳ್ಳಿ.”

“ಕೆಲಸದಿಂದ ತೆಗೆದು ಹಾಕ್ತೀನಿ!”

“ತೆಗೀರಿ. ನಾಳೆಯಿಂದ ಪೆಟ್ಟಿಗೆ ಯಾರು ಹೊರ್ತಾರೆ ಅಂತ ಈಗಲೇ ಹೇಳಿ. ಅವರಿಗೆ ಐಸು ಹಾಕೋದು ಹೇಳಿಕೊಟ್ಟು ಹೋಗ್ತೀನಿ.”

ಡಾಕ್ಟರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ, ಹೊರುವುದು ತನ್ನ ಹುದ್ದೆಗೆ ಬರುವುದಿಲ್ಲ, ಬೇಕಾದರೆ ಆದೇಶದ ಪ್ರತಿ ತೋರಿಸುತ್ತೇನೆ ಅಂದ. ಹೆಡ್ ಮೇಡಂ ಕಾವಲಿನವನನ್ನು ಕೂಗಿದರು. ಕಾವಲಿನವನು ಬಂದು, ಪೆಟ್ಟಿಗೆ ನೋಡಿ, ಅದರ ಮೇಲೆ ಕೂತವಳನ್ನು ನೋಡಿ, “ಗೇಟು ಬಿಟ್ಟು ಬಂದಿದೀನಿ ಮೇಡಂ” ಅಂತ ಬಂದ ದಾರಿ ಹಿಡಿದ. ಡಾಕ್ಟರಿಗೆ ಸೊಂಟ ನೋವಿತ್ತು. ಜೀಪಿನಲ್ಲಿ ಕೂತು ಕೂತು ಬಂದದ್ದು.

ಕಂಬದ ಹತ್ತಿರದ ಇಸ್ತ್ರಿ ಅಂಗಿಯವರು ಗಡಿಯಾರ ನೋಡಿಕೊಂಡರು. “ಏನ್ರೀ ಇದು, ಆಫೀಸಿಗೆ ಹೊತ್ತಾಯ್ತು. ಏನಂತೆ ಅವಳಿಗೆ?”

“ಅವಳ ಮಗಳ ಹೆಸರು ಬರೀಬೇಕಂತೆ,” ಅಂದ ಗುಮಾಸ್ತ.

“ಬರೀರಲ್ರೀ ಮತ್ತೆ! ಪೆನ್ನಿಲ್ವಾ? ನನ್ನದು ಕೊಡ್ಲಾ?”

“ಹಾಗೆಲ್ಲ ಬರೆಯೋಕಾಗಲ್ಲ ಸಾರ್. ಹಾಕಿದ್ದಕ್ಕೆ ಸಾಕ್ಷಿ ಬೇಕು,” ಅಂದರು ಡಾಕ್ಟರು, ಇಸ್ತ್ರಿ ಅಂಗಿಗೆ ಮರ್ಯಾದೆ ಕೊಟ್ಟು.

“ಸಾಕ್ಷಿ ಬೇಕಾ?” ಅಂದಳು ಪೆಟ್ಟಿಗೆಯವಳು. “ಮಗಾ, ಆ ರಿಜಿಸ್ಟರು ಸಿಸ್ಟರಮ್ಮಂಗೆ ಕೊಡು.”

ಹುಡುಗಿ ಚೀಲದಿಂದ ರಿಜಿಸ್ಟರು ಎಳೆದು, ಎರಡೂ ಕೈಯಲ್ಲಿ ತಬ್ಬಿಕೊಂಡು ಹೋಗಿ ಮೇಜಿನ ಮೇಲೆ ಹಾಕಿದಳು.

“ಮೊದಲನೇದು ಮೀನು ಮಾರ್ಕೆಟ್ಟಿನ ಹಿಂದಿನ ಬೀದಿ. ಇವಳು ಹುಟ್ಟಿದ ಎರಡನೇ ತಿಂಗಳು, ಹದಿನಾಲ್ಕನೇ ತಾರೀಕು. ಎಡ ತೊಡೆ. ನೋಡಿ ಸಿಸ್ಟರಮ್ಮ.”

ನರ್ಸು ಹಾಳೆ ಮಗುಚಿದಳು. ಹಾಲಿನಲ್ಲಿ ದೊಡ್ಡವರು ಕತ್ತು ಉದ್ದ ಮಾಡಿದರು. ನರ್ಸಿನ ಧ್ವನಿ ಸಣ್ಣಗೆ ಬಂತು. “ಮೀನು ಮಾರ್ಕೆಟ್ಟು. ಹದಿನಾಲ್ಕು. ಪೋಲು, ಒಂದು.”

“ಎರಡನೇದು ಇಟ್ಟಿಗೆ ಗೂಡು. ಮುಂದಿನ ತಿಂಗಳು, ಹದಿನೆಂಟು. ಬಲ ತೊಡೆ. ಆವತ್ತು ಕಲ್ಲು ಬಿತ್ತು.”

“ಇಟ್ಟಿಗೆ ಗೂಡು. ಹದಿನೆಂಟು. ಪೋಲು, ಒಂದು.”

“ಮೂರನೇದು ರೈಲು ಹಳಿ ಪಕ್ಕದ ಗುಡಿಸಲು. ನಾಲ್ಕನೇದು ನೇಯುವವರ ಓಣಿ. ಒಂಬತ್ತು ತಿಂಗಳಿನದು ಅದು. ಎಡ ತೋಳು. ಆವತ್ತು ಮಗ್ಗ ನಿಲ್ಲಿಸಿ ಬಂದು ನೋಡಿದ್ರು.”

“ಪೋಲು, ಒಂದು. ಪೋಲು, ಒಂದು.”

“ಐದನೇದು ಗುಜರಿ ಅಂಗಡಿಗಳ ಸಾಲು. ಆಮೇಲೆ ಶಾಲೆಗೆ ಸೇರೋ ಮುಂಚಿನದು, ಹೋದ ತಿಂಗಳು, ಕಲ್ಲು ಒಡೆಯುವವರ ಬೀದಿ. ಅಲ್ಲಿ ಇವಳನ್ನ ನೋಡಿ ಎಪ್ಪತ್ತೊಂಬತ್ತು ಮಕ್ಕಳು ಹಾಕಿಸ್ಕೊಂಡ್ರು. ಸಂಜೆ ನೀವೆಲ್ಲ ಫೋಟೋ ತೆಗೆಸ್ಕೊಂಡ್ರಿ.”

ನರ್ಸು ಹಾಳೆ ಮಗುಚಿದಳು. ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡು ಓದಿದಳು. “ಮಕ್ಕಳು, ಎಪ್ಪತ್ತೊಂಬತ್ತು. ಪೋಲು, ಒಂದು.”

ಮಕ್ಕಳ ಅಳುವೂ ನಿಂತಿತ್ತು. ಕಂಬದವನು ಮಾತ್ರ ಒಂದು ಸಲ ಬಿಕ್ಕಿದ. ಪೆಟ್ಟಿಗೆಯವಳು ಮುಚ್ಚಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ಎಪ್ಪತ್ತೊಂಬತ್ತೂ ಮಕ್ಕಳು. ನನ್ನದೊಂದು ಚೆಲ್ಲಿದ್ದು. ಅಲ್ವಾ ಸಾರ್? ಒಂಬತ್ತು ತಿಂಗಳು ನಾನೂ ಹೊತ್ತಿದೀನಿ ಇವಳನ್ನ. ನಿಮ್ಮ ಪೆಟ್ಟಿಗೆ ಜೊತೆ ಹೊತ್ತಿದೀನಿ. ಚೆಲ್ಲೋಕೆ ಹೊರಲಿಲ್ಲ.”

ಡಾಕ್ಟರು ಬೆವರು ಒರೆಸಿಕೊಂಡರು. ಮಾತು ಬದಲಿಸುವುದರಲ್ಲಿ ಅವರು ಪಳಗಿದವರು. “ಆಯ್ತಮ್ಮ, ವಿಚಾರ ಮಾಡೋಣ. ಮೊದಲು ಇಲ್ಲಿ ಕೆಲಸ ಆಗ್ಲಿ. ಪಾಪ ಈ ಮಕ್ಕಳು ಹೆದರಿವೆ.”

ಹೆಡ್ ಮೇಡಂ ಹುಡುಗಿಯ ತಲೆ ಸವರಿದರು. ಈಗ ರೋಗದ ಭಯ ಇದ್ದ ಹಾಗೆ ಕಾಣಲಿಲ್ಲ. “ಬಾ ಮರಿ, ಜಾಣೆ ನೀನು. ಎಲ್ಲರಿಗೂ ಹೇಳು, ಏನೂ ನೋವಾಗಲ್ಲ ಅಂತ.”

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹುಡುಗಿ ಮಕ್ಕಳ ಮುಂದೆ ಹೋಗಿ ನಿಂತಳು. ಅಭ್ಯಾಸದಂತೆ ಅಂಗಿಯ ತೋಳು ಮೇಲೆ ಮಡಿಸಿದಳು. ಮತ್ತೆ ಕೆಳಗೆ ಇಳಿಸಿದಳು.

“ನೋವಾಗತ್ತೆ,” ಅಂದಳು.

ಡಾಕ್ಟರು “ಏಯ್” ಅಂದರು.

“ತುಂಬಾ ನೋವಾಗತ್ತೆ. ಆಮೇಲೆ ಜ್ವರ ಬರತ್ತೆ. ಕೈ ಎತ್ತೋಕಾಗಲ್ಲ. ಅಮ್ಮ ಒದ್ದೆ ಬಟ್ಟೆ ಹಾಕ್ತಾಳೆ. ಎರಡು ದಿನಕ್ಕೆ ಹೋಗತ್ತೆ. ಆದ್ರೂ ಹಾಕಿಸ್ಕೋಬೇಕು, ಇಲ್ದಿದ್ರೆ ರೋಗ ಬರತ್ತೆ. ಅಳು ಬಂದ್ರೆ ಅಳಬಹುದು.” ಅಲ್ಲಿಗೆ ಮಕ್ಕಳಿಗೆ ಹೇಳುವ ಮಾತು ಮುಗಿಯಿತು. ನರ್ಸಿನ ಕಡೆ ತಿರುಗಿದಳು. “ನಾನು ಆರು ಹಾಕಿಸ್ಕೊಂಡಿದೀನಿ. ಬರ್ಕೊಳ್ಳಿ.”

ಕಂಬದವನು ಕೈ ಸಡಿಲ ಬಿಟ್ಟ. ನಿಜ ಹೇಳಿದವರನ್ನು ಆವತ್ತು ಅವನು ಅದೇ ಮೊದಲು ನೋಡಿದ್ದು. ಅವನ ಅಪ್ಪ ಪೆನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದರು. ನರ್ಸಿಗೆ ಅದು ಬೇಕಾಗಲಿಲ್ಲ. ಅವಳ ಪೆನ್ನು ಆಗಲೇ ಕೈಯಲ್ಲಿತ್ತು.

“ಸಿಸ್ಟರ್, ನೀವು ಬರೆದ್ರೆ ಜವಾಬ್ದಾರಿ ನಿಮ್ಮದೇ,” ಅಂದರು ಡಾಕ್ಟರು.

“ಹೌದು ಸಾರ್. ತಪ್ಪು ಬರೆದಾಗಲೂ ನನ್ನದೇ ಇತ್ತು.”

ಆರು ಕಡೆ ಗೀಟೆಳೆದಳು. ಆರು ಕಡೆ ಹೆಸರು ಬರೆದಳು. ಮನೆ ನಂಬರಿನ ಜಾಗದಲ್ಲಿ ‘ಆಸ್ಪತ್ರೆಯ ಕಾಂಪೌಂಡಿಗೆ ಒರಗಿದ ತಗಡಿನ ಮನೆ, ಗುಮಾಸ್ತರ ಕಿಟಕಿಯಿಂದ ಕಾಣುತ್ತದೆ’ ಅಂತ ಬರೆದಳು. ಕಾರ್ಡಿಗೆ ಸಹಿ ಹಾಕಿ ಹುಡುಗಿಯ ಕೈಗೇ ಕೊಟ್ಟಳು.

ಪೆಟ್ಟಿಗೆಯವಳು ಆಗ ಎದ್ದಳು. ಎದ್ದವಳು ಪಟ್ಟಿಗೆ ಕೈ ಹಾಕಲಿಲ್ಲ. ಮಗಳ ಕೈ ಹಿಡಿದು ನೇರ ಬಾಗಿಲ ಬಳಿಯ ಮೇಜಿಗೆ ಹೋದಳು. ಕಾರ್ಡು ಇಟ್ಟಳು. “ಬರ್ಕೊಳ್ಳಿ ಮೇಡಂ. ಓದೋಕೆ.”

ಹಿಂದೆ ಪೆಟ್ಟಿಗೆ ಹಾಲಿನ ನಡುವೆಯೇ ಇತ್ತು. ನಲವತ್ತು ಜನ ಅಪ್ಪ ಅಮ್ಮಂದಿರು ಡಾಕ್ಟರನ್ನೇ ನೋಡುತ್ತಿದ್ದರು. ಗುಮಾಸ್ತ ಛಾವಣಿಯ ಫ್ಯಾನು ನೋಡುತ್ತಿದ್ದ. ಬೇರೆ ದಾರಿ ಕಾಣದೆ ಡಾಕ್ಟರು ಬಗ್ಗಿದರು. ಎರಡೂ ಕೈ ಹಾಕಿ ಎತ್ತಿದರು. ನೀರು ಅವರ ಇಸ್ತ್ರಿ ಪ್ಯಾಂಟಿನ ಮೇಲೆ ಇಳಿಯಿತು. ಮೂರನೇ ಹೆಜ್ಜೆಗೆ ನಿಂತರು.

“ಅಬ್ಬಬ್ಬಾ, ಇಷ್ಟು ಭಾರಾನಾ ಇದು?”

ಹುಡುಗಿ ಬಾಗಿಲಿನಿಂದ ತಿರುಗಿ ನೋಡಿದಳು. ಕಲಿಸಿದ ಹಾಗೆಯೇ ಚೆನ್ನಾಗಿ ನಕ್ಕಳು.

“ಏನೂ ನೋವಾಗಲ್ಲ ಡಾಕ್ಟರೇ, ಬನ್ನಿ.”